50 ಕಿಲೋಮೀಟರ್, ಬೆನ್ನ ಹಿಂದೇನೇ ಸ್ವೀಪರ್

ಬೆಳಗಿನ ಜಾವ 4:40. ಹೆಡ್‌ಲ್ಯಾಂಪ್ ಕಟ್ಕೊಂಡು ಹಲ್ಲು ಕಿಸ್ಕೊಂಡು ನಿಂತಿದೀನಲ್ಲ, ಈ ಮುಖಾನ ಚೆನ್ನಾಗಿ ನೋಡ್ಕೊಳ್ಳಿ, ಮತ್ತೆ ಇದು ಕಾಣ್ಸೋದು ಸಂಜೆ ನಾಲ್ಕಕ್ಕೆ. ಇದು ಟ್ರೈಲ್ ರೇಸ್, ಅಂದ್ರೆ ಬೆಟ್ಟದ ಕಾಲುದಾರೀಲಿ ಓಟ: 50 ಕಿಲೋಮೀಟರ್, ಒಟ್ಟು ಹತ್ತೋದು 2,100 ಮೀಟರ್, ಕಟಾಫ್, ಅಂದ್ರೆ ಮುಗಿಸೋಕೆ ಇರೋ ಗಡುವು, ಹೊರಟಾಗಿಂದ 11 ಗಂಟೆ. ಮ್ಯಾರಥಾನ್ ಅಂದ್ರೆ 42.195, ಅದನ್ನ ದಾಟಿದ್ದೆಲ್ಲ ಅಲ್ಟ್ರಾ, ಸೋ ನನ್ನ ಲೆಕ್ಕ ಏನಪ್ಪಾ ಅಂದ್ರೆ ಮ್ಯಾರಥಾನ್ ಆಗ್ಲೇ ಓಡಿದೀನಿ, ಇನ್ನೊಂದು ಎಂಟು ಕಿಲೋಮೀಟರ್ ತಾನೆ. ಮಹಾ ದಡ್ಡ ಲೆಕ್ಕ. ರೋಡಲ್ಲಿ ಕಿಲೋಮೀಟರಿಗೆ ಆರೂವರೆ ನಿಮಿಷ ತಗೊಳ್ಳೋನು ಇಲ್ಲಿ ಎರಡನೇ ಏರಲ್ಲಿ 17 ನಿಮಿಷ ತಗೊಂಡೆ.

ಇದು ಮೊದಲನೇ ಏರು. ನೋಡಿ, ಏರು ಬಂದಿದ್ದೇ ತಡ ಎಲ್ರೂ ನಡೆಯೋಕೆ ಶುರು ಮಾಡಿದ್ರು, ನಾನೊಬ್ನೇ ಓಡ್ತಿದೀನಿ, ಒಬ್ಬೊಬ್ರನ್ನೇ ಹಿಂದೆ ಹಾಕ್ತಾ ಒಳಗೊಳಗೇ ಬೀಗ್ತಾ ಇದೀನಿ. ವಯಸ್ಸಾದೋರೊಬ್ರು ತೊಡೆ ಮೇಲೆ ಕೈ ಊರ್ಕೊಂಡು ಬಗ್ಗಿ ಬಗ್ಗಿ ನಡೀತಿದ್ರು, ನನ್ನ ನೋಡಿ "ಆಮೇಲೆ ಸಿಗೋಣ ಕಣಪ್ಪ" ಅಂದ್ರು. ಸಿಕ್ರು. 31ನೇ ಕಿಲೋಮೀಟರಲ್ಲಿ, ನಾನು ಬಂಡೆ ಮೇಲೆ ಕೂತಿದ್ದಾಗ, ಅದೇ ಸ್ಪೀಡಲ್ಲಿ ನಡ್ಕೊಂಡು ನನ್ನ ದಾಟಿ ಹೋದ್ರು.

ಬಂಡೆ ಮೇಲೆ ಯಾಕೆ ಕೂತಿದ್ದೆ ಅಂದ್ರೆ ಹೊಟ್ಟೆ. ಗಂಟೆಗೆ 60 ಗ್ರಾಂ ಕಾರ್ಬ್ಸ್ ಅಂತ ಪ್ಲ್ಯಾನ್, ಅಂದ್ರೆ ಹೆಚ್ಚುಕಮ್ಮಿ ಗಂಟೆಗೆ ಮೂರು ಜೆಲ್ (ಓಡ್ತಾ ಓಡ್ತಾ ಹೀರೋ ಸಿಹಿ ಅಂಟಿನ ಪುಟ್ಟ ಪ್ಯಾಕೆಟ್), ಪ್ರಾಕ್ಟೀಸಲ್ಲಿ ಯಾವತ್ತೂ ಅಷ್ಟು ತಿಂದೇ ಇಲ್ಲ, ಓಡೋವಾಗ ರಕ್ತ ಎಲ್ಲ ಕಾಲಿಗೆ, ಚರ್ಮಕ್ಕೆ ಹೋಗುತ್ತೆ, ಹೊಟ್ಟೆ ಪಾಪ ಅರ್ಧ ರಜದಲ್ಲಿರುತ್ತೆ, ಅಂಥದ್ರಲ್ಲಿ ಸಿಹಿ ಅಂಟು ಸುರೀತಾನೇ ಇದ್ರೆ ಏನಾಗ್ಬೇಕೋ ಅದೇ ಆಯ್ತು. ಆ ಶಾಟ್ ಕಟ್ ಮಾಡಿದೀನಿ, ಥ್ಯಾಂಕ್ಸ್ ಹೇಳಿ. ದಾರೀಲಿ ನೀರು, ತಿಂಡಿ ಕೊಡೋ ಏಡ್ ಸ್ಟೇಷನ್ನಲ್ಲಿ ಬರೀ ನೀರು ಸಾಕು ಅಂದೆ, ಅಲ್ಲಿದ್ದ ವಾಲಂಟಿಯರ್ ಹುಡುಗಿ ಬಾಟ್ಲಿ ಕೊಡ್ಲೇ ಇಲ್ಲ, ಮೊದ್ಲು ಬೇಯಿಸಿದ ಆಲೂಗಡ್ಡೇನ ಉಪ್ಪಲ್ಲಿ ಅದ್ದಿ ಕೈಗಿಟ್ಲು. ಬೆವರಲ್ಲಿ ಉಪ್ಪು ಹೋಗ್ತಾ ಇರೋವಾಗ ಬರೀ ನೀರನ್ನೇ ವಿಪರೀತ ಕುಡಿದ್ರೆ ರಕ್ತದಲ್ಲಿ ಸೋಡಿಯಂ ಇಳಿದು ಜೀವಕ್ಕೇ ಕುತ್ತು ಬರಬಹುದು, ಇದನ್ನ ನಾನು ಓದಿದ್ದೆ ಕೂಡ. ಓದಿದ್ದು ಆ ಟೈಮಲ್ಲಿ ತಲೆಗೆ ಬಂದ್ರೆ ತಾನೆ.

36ನೇ ಕಿಲೋಮೀಟರ್, ಕೊನೇ ದೊಡ್ಡ ಏರು ಮುಗೀತು, ಇಲ್ಲಿ ಕೈ ಎತ್ತಿ ಕುಣೀತಿದೀನಿ, ಇನ್ನು ಬರೀ ಇಳಿಜಾರು ಅಂತ. ಅಯ್ಯೋ. ಇಳಿಯೋವಾಗ ತೊಡೆ ಸ್ನಾಯು ಹಿಗ್ತಾ ಹಿಗ್ತಾನೇ ಬ್ರೇಕ್ ಹಿಡೀಬೇಕು, ಆ ಕೆಲಸ ಅಭ್ಯಾಸ ಇಲ್ದಿರೋ ಕಾಲಿಗೆ ಏರಿಗಿಂತ ಇದೇ ಕಷ್ಟ, ನಾನು ನಾಲ್ಕು ತಿಂಗಳು ಟ್ರೆಡ್‌ಮಿಲ್ಲಲ್ಲಿ ಹತ್ತಿದ್ದೇ ಹತ್ತಿದ್ದು, ಇಳಿಯೋದನ್ನ ಎಲ್ಲಿ ಕಲಿತೆ? ಪ್ರತಿ ಹೆಜ್ಜೆಗೂ ಕಾಲ್ಬೆರಳು ಶೂ ತುದಿಗೆ ಹೋಗಿ ಗುದ್ದೋದು, ಮೊಣಕಾಲು ಗಡಗಡ.

ಅಷ್ಟೊತ್ತಿಗೆ ಹಿಂದೆ ಮಾತು ಕೇಳಿಸ್ತು. ಸ್ವೀಪರ್‌ಗಳು. ರೇಸಲ್ಲಿ ಎಲ್ಲರಿಗಿಂತ ಕೊನೇಲಿ ಬರೋ ವಾಲಂಟಿಯರ್‌ಗಳು ಇವ್ರು. ಇಬ್ರು, ದಾರಿ ಗೊತ್ತಾಗ್ಲಿ ಅಂತ ಗಿಡಕ್ಕೆ ಕಟ್ಟಿದ್ದ ರಿಬ್ಬನ್ನೆಲ್ಲ ಬಿಚ್ಕೊಂಡು ಆರಾಮಾಗಿ ಹರಟೆ ಹೊಡ್ಕೊಂಡು ಬರ್ತಿದಾರೆ, ಅಂದ್ರೆ ನನ್ನ ಹಿಂದೆ ರೇಸೇ ಇಲ್ಲ! ಅವ್ರಲ್ಲೊಬ್ರು ನನ್ನ ಎಳ್ಕೊಂಡು ಹೋಗೋಕೆ ಕಥೆ ಶುರು ಮಾಡಿದ್ರು, 1974ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗೋರ್ಡಿ ಆನ್ಸ್‌ಲೀ ಅನ್ನೋರು ಕುದುರೆಗಳ 100 ಮೈಲಿ ರೇಸಲ್ಲಿ ಕುದುರೇನೇ ಇಲ್ದೆ ಓಡಿ, ಕುದುರೆಗೆ ಕೊಟ್ಟಿದ್ದ 24 ಗಂಟೆ ಒಳಗೇ, 23 ಗಂಟೆ 42 ನಿಮಿಷಕ್ಕೆ ಮುಗಿಸಿದ್ರಂತೆ, ಈ ಟ್ರೈಲ್ ಅಲ್ಟ್ರಾ ಹುಚ್ಚು ಹಬ್ಬೋಕೆ ಅದೂ ಒಂದು ಕಾರಣ. ನಾನು ಆ ಪುಣ್ಯಾತ್ಮನಿಗೆ ಮನಸ್ಸಲ್ಲೇ ಶಾಪ ಹಾಕ್ಕೊಂಡು ಇಳಿದೆ.

42ರ ಚೆಕ್‌ಪಾಯಿಂಟ್ ಕಟಾಫ್ ಹೊರಟಾಗಿಂದ 9 ಗಂಟೆ 15 ನಿಮಿಷ. ನಾನು ಮುಟ್ಟಿದ್ದು 9 ಗಂಟೆ 9 ನಿಮಿಷಕ್ಕೆ. ಆರೇ ಆರು ನಿಮಿಷ. ಕ್ಯಾಮೆರಾ ಭಾರ ಅನ್ನಿಸಿ ಅಲ್ಲೇ ಡ್ರಾಪ್ ಬ್ಯಾಗಲ್ಲಿ (ಚೆಕ್‌ಪಾಯಿಂಟಲ್ಲಿ ಬಿಡೋ ನಮ್ಮ ಸಾಮಾನಿನ ಚೀಲ) ಹಾಕ್ಬಿಟ್ಟೆ, ಅದಕ್ಕೇ ಫಿನಿಶ್ ಲೈನ್ ಶಾಟ್ ಇಲ್ಲ, ಕ್ಷಮಿಸಿ. 10 ಗಂಟೆ 51 ನಿಮಿಷ. ಆ ಹಿರಿಯರು ಸ್ನಾನ ಮಾಡಿ ಬಟ್ಟೆ ಬದಲಾಯಿಸಿ ಕುರ್ಚೀಲಿ ಕೂತಿದ್ರು, "ಬಂದ್ಯಾ" ಅಂದ್ರು, ಅಷ್ಟೇ.

ಈ ಕೊನೇ ಶಾಟ್ ಮಾರನೇ ದಿನದ್ದು. ಕ್ಯಾಮೆರಾ ಉಲ್ಟಾ ಇಟ್ಟಿಲ್ಲ, ನಾನೇ ಮೆಟ್ಟಿಲನ್ನ ಹಿಮ್ಮುಖವಾಗಿ ಇಳೀತಿರೋದು.