ಅರ್ಕಾವತ್ತಿಗೂ ಆರು ಚುಕ್ಕಿಗೂ ನಡುವೆ

ಎಲ್ಲರಿಗೂ ನಮಸ್ಕಾರ. ಬ್ರೈಲ್ ತಂತ್ರಾಂಶ ಬರೆಯಬೇಕೆಂದು ಬರುವ ಹುಡುಗರು ಮೊದಲು ಕೇಳುವುದು, ‘ಸರ್, ವಿಂಡೋಸ್‌ಗೋ ಆಂಡ್ರಾಯ್ಡ್‌ಗೋ?’ ಅಂತ. ಅದು ಆಮೇಲಿನ ಮಾತು. ಮೊದಲು ‘ಕರ್ನಾಟಕ’ ಅನ್ನುವ ಪದವನ್ನು ಬ್ರೈಲ್‌ಗೆ ಇಳಿಸಿ ನೋಡೋಣ.

ಕಾಗದದ ಮೇಲೆ ಅರ್ಕಾವತ್ತು ‘ನಾ’ ಆದಮೇಲೆ ಕೂರುತ್ತದೆ. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯುನಿಕೋಡ್‌ ಸಂಕೇತಗಳಲ್ಲಿ ಅದೇ ಜಾಗ ರ, ಹಲಂತ (ಸ್ವರ ಅಳಿಸುವ ‘್’ ಚಿಹ್ನೆ), ನ, ಆಮೇಲೆ ದೀರ್ಘ. ಭಾರತೀಯ ಭಾಷೆಗಳ ಬ್ರೈಲ್ ಆದ ಭಾರತಿ ಬ್ರೈಲ್‌ನಲ್ಲಿ ಹಲಂತ ರಕಾರಕ್ಕಿಂತಲೂ ಮುಂದಕ್ಕೆ ಹಾರುತ್ತದೆ: 4ನೇ ಚುಕ್ಕಿ, ರ, ನ, ಆ. ಇನ್ನು ‘ಕ್ಷ’ ಯುನಿಕೋಡ್‌ನಲ್ಲಿ ಮೂರು ಸಂಕೇತ, ಬೆರಳಿಗೆ ಒಂದೇ ಸೆಲ್, ಅಂದರೆ ಆರು ಚುಕ್ಕಿಗಳ ಒಂದೇ ಮನೆ.

ಬರೀ ಓದುವುದಾದರೆ ಇಷ್ಟು ಸಾಕಿತ್ತು. ತಿದ್ದುವಾಗ ಪೇಚು ಶುರುವಾಗುತ್ತದೆ. ತೆರೆಯ ಮೇಲಿನ ಪಠ್ಯವನ್ನು ಉಬ್ಬು ಚುಕ್ಕಿಗಳಲ್ಲಿ ತೋರಿಸುವ ಬ್ರೈಲ್ ಡಿಸ್‌ಪ್ಲೇ ಯಂತ್ರಗಳಲ್ಲಿ ಸಾಮಾನ್ಯವಾಗಿ ಪ್ರತಿ ಸೆಲ್‌ಗೂ ಒಂದು ಪುಟ್ಟ ಗುಂಡಿ ಇರುತ್ತದೆ. ಒತ್ತಿದರೆ ಕರ್ಸರ್ ಅಲ್ಲಿಗೆ ಬರಬೇಕು. ಆ 4ನೇ ಚುಕ್ಕಿಯ ಗುಂಡಿ ಒತ್ತಿದಾಗ ಕರ್ಸರ್ ಸೀದಾ ಹಲಂತದ ಮೇಲೆ ಹೋಗಿ ನಿಂತರೆ, ಓದುಗ ಡಿಲೀಟ್ ಒತ್ತಿದ ಕೂಡಲೇ ಕರ್ನಾಟಕ ‘ಕರನಾಟಕ’ ಆಗಿಬಿಡುತ್ತದೆ! ಹಾಗಾಗಿ ಯಾವ ಸೆಲ್ ಯಾವ ಅಕ್ಷರದಿಂದ ಬಂತು ಎಂಬ ಲೆಕ್ಕವನ್ನು ಅನುವಾದದ ಜೊತೆಗೇ ಹೊತ್ತು ತರಬೇಕು.

ಈ ಕೆಲಸವನ್ನು ವಿಂಡೋಸ್, ಆಂಡ್ರಾಯ್ಡ್ ಥರದ ಪ್ರತಿ ವೇದಿಕೆಗೂ ಹೊಸದಾಗಿ ಬರೆಯುವುದು ಶುದ್ಧ ದಂಡ. 2002ರಲ್ಲಿ ಶುರುವಾದ ಲಿಬ್‌ಲೂಯಿ ಎಂಬ ಮುಕ್ತ ತಂತ್ರಾಂಶ ಇದನ್ನೇ ಮಾಡುತ್ತದೆ. ಅದು ಸಿ ಭಾಷೆಯಲ್ಲಿದೆ, ಆದರೆ ಭಾಷಾ ನಿಯಮಗಳೆಲ್ಲ ಬೇರೆ ಪಠ್ಯ ಕಡತಗಳಲ್ಲಿವೆ, ಕನ್ನಡದ್ದೂ ಸೇರಿ. ತೆರೆಯಲ್ಲಿರುವುದನ್ನು ದನಿಯಲ್ಲೋ ಬ್ರೈಲ್‌ನಲ್ಲೋ ತಿಳಿಸುವ ಸ್ಕ್ರೀನ್ ರೀಡರ್‌ಗಳಾದ ವಿಂಡೋಸ್‌ನ ಎನ್‌ವಿಡಿಎ, ಲಿನಕ್ಸ್‌ನ ಓರ್ಕಾ ಎರಡೂ ಬ್ರೈಲ್‌ಗೆ ಇದನ್ನೇ ನೆಚ್ಚಿಕೊಂಡಿವೆ. ಕಡತದಲ್ಲಿ ಒಂದು ಸಾಲು ತಿದ್ದಿದರೆ ಮುಂದಿನ ಆವೃತ್ತಿಯಲ್ಲಿ ಎರಡೂ ಕಡೆ ಸರಿಹೋಗುತ್ತದೆ. ನನ್ನ ಪ್ರಕಾರ ಬಹುವೇದಿಕೆ ಅಂದರೆ ಇಷ್ಟೇ. ತೆರೆಯ ಮೇಲಿನ ಕಿಟಕಿ, ಬಣ್ಣ ಎಲ್ಲ ಕಡೆ ಒಂದೇ ಥರ ಕಾಣಬೇಕೆಂದು ಗುಂಡಿಗಳನ್ನು ತಾವೇ ಚಿತ್ರ ಬರೆದು ಕೂರಿಸುವವರಿದ್ದಾರೆ. ಸ್ಕ್ರೀನ್ ರೀಡರ್‌ಗೆ ಅಲ್ಲಿ ಗುಂಡಿಯೇ ಇರುವುದಿಲ್ಲ. ಆಯಾ ವೇದಿಕೆ ಕೊಟ್ಟದ್ದನ್ನೇ ಬಳಸಿ, ಚಂದ ಆಮೇಲೆ.

ಯಂತ್ರಗಳ ಕಥೆ ಬೇರೆ. ಒಂದೊಂದು ಕಂಪನಿಯ ಡಿಸ್‌ಪ್ಲೇಗೆ ಅದನ್ನು ಕಂಪ್ಯೂಟರ್‌ಗೆ ಹೊಂದಿಸುವ ಒಂದೊಂದು ಡ್ರೈವರ್ ತಂತ್ರಾಂಶ ಬೇಕಿತ್ತು. 2018ರಲ್ಲಿ ಯುಎಸ್‌ಬಿ ನಿಯಮಗಳನ್ನು ರೂಪಿಸುವ ಕಂಪನಿಗಳ ಕೂಟ ಬ್ರೈಲ್‌ಗೆಂದೇ ಒಂದು ಮಾನಕ ಪ್ರಕಟಿಸಿದ ಮೇಲೆ ಹೊಸ ಯಂತ್ರಗಳ ಮಟ್ಟಿಗೆ ದಾರಿ ಸಲೀಸಾಯಿತು. ಆದರೆ ಡಿಸ್‌ಪ್ಲೇ ಮೊಬೈಲ್‌ನಂತೆ ಎರಡು ವರ್ಷಕ್ಕೊಮ್ಮೆ ಬದಲಿಸುವ ವಸ್ತುವಲ್ಲ, ಬೆಲೆ ಅಷ್ಟಿದೆ. ಹಳೆಯ ಡ್ರೈವರ್‌ಗಳನ್ನು ಕಿತ್ತೆಸೆಯಬೇಡಿ.

ಈ ಸಭೆಯಲ್ಲಿ ಬ್ರೈಲ್ ಓದುವವರು ಇದ್ದೀರಿ. ನಿಮಗೆ ಸಿ ಬರಬೇಕಾಗಿಲ್ಲ. ಲಿಬ್‌ಲೂಯಿಯ ಪರೀಕ್ಷಾ ಕಡತದಲ್ಲಿ ಒಂದು ಕಡೆ ಪದ, ಇನ್ನೊಂದು ಕಡೆ ಅದರ ಸರಿಯಾದ ಬ್ರೈಲ್, ಅಷ್ಟೇ ಇರುತ್ತದೆ. ನಮ್ಮಂಥವರು ಕಣ್ಣಲ್ಲಿ ಚುಕ್ಕಿ ಎಣಿಸಿ ಬರೆದದ್ದಕ್ಕಿಂತ ನೀವು ಬರೆದ ಹತ್ತು ಜೋಡಿಗೆ ತೂಕ ಜಾಸ್ತಿ. ಎಡವುವ ಕಡೆಯಿಂದಲೇ ಶುರುಮಾಡಿ: ‘ಸ್ತ್ರೀ’, ಅಕ್ಷರ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತ ಒಳಗಿಟ್ಟುಕೊಂಡ ‘ರಾಜ್‌ಕುಮಾರ್’, ಆಮೇಲೆ ಅಂಕಿಗಳು. ಬ್ರೈಲ್‌ನಲ್ಲಿ 7ಕ್ಕೂ ‘ಗ’ಕ್ಕೂ ಒಂದೇ ಸೆಲ್, ಹಿಂದೆ ಅಂಕಿಚಿಹ್ನೆ ಇದ್ದರೆ ಅದು ಅಂಕಿ. ನಾವೋ ಜಾಗ ಬಿಡದೆ ‘5ಗಂಟೆಗೆ ಬನ್ನಿ’ ಎಂದು ಮೆಸೇಜ್ ಹಾಕುವ ಜನ. ನಡುವೆ ‘ಅಂಕಿ ಮುಗಿಯಿತು’ ಎನ್ನುವ ತಡೆಚಿಹ್ನೆ ಹಾಕಲು ತಂತ್ರಾಂಶ ಮರೆತರೆ, ಓದುವವರ ಬೆರಳಿಗೆ 57 ಸಿಗುತ್ತದೆ.