ಕೈಗೆ ಜೋಮು, ಎದೆಗೆ ಏದುಸಿರು: ಎರಡಕ್ಕೂ ಒಂದೇ ಪ್ರೋಟೀನ್

[ಪರದೆ: ಹವಾಯಿ ಚಪ್ಪಲಿ ಕಾಲಿನಿಂದ ಜಾರುತ್ತದೆ. ಕಾಲು ಮುಂದೆ ನಡೆಯುತ್ತಲೇ ಇದೆ.]

ಚಪ್ಪಲಿ ಕಳಚಿ ಬಿತ್ತು. ಕಾಲಿಗೆ ಗೊತ್ತೇ ಆಗಲಿಲ್ಲ. ಇದನ್ನು ನೋಡಿದ ತಕ್ಷಣ ನಮಗೆ ನೆನಪಾಗುವುದು ಶುಗರ್, ಅಲ್ವಾ? ಆದರೆ ಶುಗರ್ ಇಲ್ಲದವರಿಗೂ ಹೀಗಾಗುತ್ತದೆ.

1939. ಪೋರ್ಚುಗಲ್‌ನ ಪೋರ್ಟೊ. ನರರೋಗ ವೈದ್ಯ ಕೊರಿನೊ ಆಂಡ್ರಾಡೆ ಅವರ ಬಳಿ 37 ವರ್ಷದ ಹೆಂಗಸೊಬ್ಬರು ಬಂದರು. ಊರು ಪೋವೊವಾ ದೆ ವರ್ಜಿಂ, ಕಡಲ ದಂಡೆಯ ಮೀನುಗಾರರ ಊರು. ಅಲ್ಲಿನ ಜನ ಕಾಲು ಜೋಮು ಹಿಡಿಸುವ ಈ ಕಾಯಿಲೆಗೆ ಹೆಸರನ್ನೂ ಇಟ್ಟಿದ್ದರು: 'ಪುಟ್ಟ ಪಾದಗಳ ಕಾಯಿಲೆ'. ಅಪ್ಪನಿಗಿತ್ತು, ಮಗನಿಗೂ ಬಂತು, ಅನ್ನುವ ಹಾಗೆ. ಆಂಡ್ರಾಡೆ ವರ್ಷಗಟ್ಟಲೆ ಅದರ ಬೆನ್ನುಬಿದ್ದರು. 1952ರಲ್ಲಿ ಪ್ರಕಟಿಸಿದರು: ನರಗಳೊಳಗೆ ಅಮೈಲಾಯ್ಡ್, ಅಂದರೆ ಆಕಾರ ಕೆಟ್ಟ ಪ್ರೋಟೀನಿನ ನಾರು, ತುಂಬಿಕೊಂಡಿದೆ.

[ಪರದೆ: ನಾಲ್ಕು ತುಂಡು ಸೇರಿದ ಚೆಂಡು ಬಿಡಿಬಿಡಿಯಾಗುತ್ತದೆ.]

ನಮ್ಮ ಲಿವರ್ ಟ್ರಾನ್ಸ್‌ಥೈರೆಟಿನ್ ಅನ್ನುವ ಪ್ರೋಟೀನ್ ತಯಾರಿಸುತ್ತದೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್, ವಿಟಮಿನ್ ಎ ಸಾಗಿಸುವುದು ಅದರ ಕೆಲಸ. ನಾಲ್ಕು ತುಂಡು ಕೂಡಿದರೆ ಒಂದು. ತುಂಡುಗಳು ಬಿಡಿಯಾದರೆ ಆಕಾರ ಕೆಟ್ಟು, ಒಂದಕ್ಕೊಂದು ಅಂಟಿ, ನಾರು ನಾರಾಗಿ ಸಿಕ್ಕಲ್ಲಿ ಕೂರುತ್ತವೆ. ನರದಲ್ಲಿ ಕೂತರೆ ಜೋಮು. ಹೃದಯದಲ್ಲಿ ಕೂತರೆ ಗೋಡೆ ದಪ್ಪಗಾಗಿ ಬಿಗಿಯುತ್ತದೆ. ರಕ್ತ ತುಂಬಿಕೊಳ್ಳಲು ಹೃದಯ ಸಡಿಲವೇ ಆಗುವುದಿಲ್ಲ. ಆಮೇಲೆ ಏದುಸಿರು, ಕಾಲು ಬಾವು. ಜೀನ್ ದೋಷವೇ ಇಲ್ಲದೆ, ಬರೀ ವಯಸ್ಸಿನಿಂದಲೂ ಇದು ಬರುತ್ತದೆ. ವಯಸ್ಸಾದ ಗಂಡಸರಲ್ಲಿ ಜಾಸ್ತಿ.

ಈಗ ಹೇಳುವುದು ನನ್ನ ಮನಸ್ಸು ಹಿಡಿದಿಟ್ಟ ಸಂಗತಿ. ಪೋರ್ಚುಗಲ್‌ನಲ್ಲೇ ಕೆಲವರಿಗೆ ಕಾಯಿಲೆಯ ಜೀನ್ ಇತ್ತು, ಆದರೆ ಕಾಯಿಲೆ ಅಷ್ಟಾಗಿ ಕಾಡಲಿಲ್ಲ. ಯಾಕೆ? ಅಪ್ಪ ಅಮ್ಮಂದಿರಲ್ಲಿ ಒಬ್ಬರಿಂದ ಕೆಟ್ಟ ಜೀನ್ ಬಂದಿದ್ದರೆ, ಇನ್ನೊಬ್ಬರಿಂದ ಅದೇ ಜೀನ್‌ನ ಬೇರೊಂದು ರೂಪ ಬಂದಿತ್ತು. ಅದು ಆ ನಾಲ್ಕು ತುಂಡುಗಳನ್ನು ಗಟ್ಟಿಯಾಗಿ ಹಿಡಿದಿಟ್ಟಿತ್ತು. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ಜೆಫರಿ ಕೆಲ್ಲಿ ಮತ್ತು ತಂಡದವರು ಇದೇ ಕೆಲಸ ಮಾಡುವ ಮದ್ದು ಹುಡುಕಿದರು. ಅದೇ ಟಫಾಮಿಡಿಸ್.

2018ರಲ್ಲಿ ಪ್ರಕಟವಾದ ಟಫಾಮಿಡಿಸ್ ಪ್ರಯೋಗದಲ್ಲಿ, ಹೃದಯದಲ್ಲಿ ಈ ನಾರು ಕೂತಿದ್ದ 441 ರೋಗಿಗಳಿದ್ದರು. 30 ತಿಂಗಳಲ್ಲಿ, ಮದ್ದಿಲ್ಲದ ಮಾತ್ರೆ ನುಂಗಿದವರಲ್ಲಿ 100ಕ್ಕೆ ಸುಮಾರು 43 ಮಂದಿ ತೀರಿಕೊಂಡರು. ಟಫಾಮಿಡಿಸ್ ತೆಗೆದುಕೊಂಡವರಲ್ಲಿ ಸುಮಾರು 30. ಅದೇ ವರ್ಷ ನರದ ತೊಂದರೆಗೆ ಪ್ಯಾಟಿಸಿರಾನ್ ಬಂತು. ಅದು ಲಿವರ್‌ನಲ್ಲಿ ಈ ಪ್ರೋಟೀನ್ ತಯಾರಾಗುವುದನ್ನೇ ತಗ್ಗಿಸುತ್ತದೆ.

ಆದರೆ ಈಗಾಗಲೇ ಕೂತಿರುವ ನಾರನ್ನು ಇವು ಕಿತ್ತು ಹಾಕುವುದಿಲ್ಲ. ಬೇಗ ಪತ್ತೆಯಾದಷ್ಟೂ ಲಾಭ.

[ಪರದೆ: ಸ್ಕ್ಯಾನ್ ಚಿತ್ರ. ಪಕ್ಕೆಲುಬುಗಳ ನಡುವೆ ಕಪ್ಪಗೆ ಎದ್ದು ಕಾಣುವ ಹೃದಯ.]

ಇದು ಮೂಳೆ ನೋಡುವ ಸ್ಕ್ಯಾನ್. ಇಲ್ಲಿ ಹೃದಯ ಕಾಣಲೇಬಾರದು. ಕಂಡರೆ, ಜೊತೆಗೆ ರಕ್ತ, ಮೂತ್ರದ ಪರೀಕ್ಷೆಯಲ್ಲಿ ಬೇರೆ ಬಗೆಯ ಅಮೈಲಾಯ್ಡ್ ಅಲ್ಲ ಅಂತ ಖಾತ್ರಿಯಾದರೆ, ಹೃದಯದ ಚೂರು ತೆಗೆಯದೆಯೇ ಕಾಯಿಲೆ ಗುರುತಿಸಬಹುದು.

ಇನ್ನೊಂದು ಸುಳಿವು ಮಣಿಕಟ್ಟಿನಲ್ಲಿದೆ. ಹೃದಯ ಸೋಲುವುದಕ್ಕೆ ಎಷ್ಟೋ ವರ್ಷ ಮೊದಲೇ ಎರಡೂ ಕೈಗೆ ಕಾರ್ಪಲ್ ಟನಲ್ ಆಪರೇಷನ್, ಅಂದರೆ ಮಣಿಕಟ್ಟಿನಲ್ಲಿ ಒತ್ತಿಹೋದ ನರವನ್ನು ಬಿಡಿಸುವ ಆಪರೇಷನ್, ಆಗಿರುವುದುಂಟು. ಎಲ್ಲ ಕೈ ಜೋಮಿಗೂ ಇದೇ ಕಾರಣ ಅಲ್ಲ, ಗಾಬರಿ ಬೇಡ. ಆದರೆ ನಿಮ್ಮ ಮನೆಯ ಹಿರಿಯರಿಗೆ ಈಗ ಉಸಿರು ಕಟ್ಟುತ್ತಿದ್ದರೆ, ಹಳೆಯ ಆ ಕೈ ಆಪರೇಷನ್ ವಿಷಯವನ್ನೂ ಹೃದಯದ ಡಾಕ್ಟರಿಗೆ ಹೇಳಿ.