ಓಲ್ವೆರಾ ಬೀದಿಯಲ್ಲಿ ಮೊದಲ ಸುತ್ತು

ಕೇಳುಗರಿಗೆ ನಮಸ್ಕಾರ. ನಿಮ್ಮಲ್ಲಿ ಎಷ್ಟೋ ಜನರ ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿದ್ದಾರೆ, ಅಲ್ವಾ? ಲಾಸ್ ಏಂಜಲೀಸ್‌ಗೆ ಹೋದಾಗ ಹಾಲಿವುಡ್ ತೋರಿಸುತ್ತಾರೆ. ನೋಡಿ. ಆದರೆ ಯೂನಿಯನ್ ಸ್ಟೇಷನ್ ರೈಲು ನಿಲ್ದಾಣದ ಎದುರಿನ ಓಲ್ವೆರಾ ಬೀದಿಗೂ ಕರೆದುಕೊಂಡು ಹೋಗು ಅಂತ ಹೇಳಿ. ಅದು ಮೆಕ್ಸಿಕನ್ ಸಂತೆಬೀದಿ. ಊರು ಹುಟ್ಟಿದ ಜಾಗ.

ನನ್ನದು ಒಂದೇ ಮಾತು. ಮೊದಲ ಸುತ್ತಿನಲ್ಲಿ ಏನೂ ಕೊಳ್ಳಬೇಡಿ. ಚರ್ಮದ ಚೀಲ, ಬಣ್ಣದ ಗೊಂಬೆ ಎಲ್ಲೂ ಓಡಿಹೋಗುವುದಿಲ್ಲ. ಕೈಯಲ್ಲಿ ಚೀಲ ಬಂದರೆ ಕಣ್ಣು ಅಂಗಡಿ ಬಿಟ್ಟು ಏಳುವುದಿಲ್ಲ.

ಮೊದಲು ನೆಲ ನೋಡಿ. ಬೀದಿಗೆ ಓರೆಯಾಗಿ ಇಟ್ಟಿಗೆಯ ಸಾಲೊಂದಿದೆ. ಅದು 'ಸಾಂಹಾ ಮಾದ್ರೆ', ಅಂದರೆ ತಾಯಿ ಕಾಲುವೆ, ಹರಿದ ಗುರುತು. 1781ರಲ್ಲಿ ಇಲ್ಲಿ ನೆಲೆ ನಿಂತ 44 ಜನರಿಗೆ ನದಿಯ ನೀರು ತಂದದ್ದು ಆ ಕಾಲುವೆ.

ಈಗ ಗೋಡೆಯ ಕಥೆ. 1932ರಲ್ಲಿ ಮೆಕ್ಸಿಕೋದ ಕಲಾವಿದ ಸಿಕೇರೋಸ್‌ಗೆ ಇಲ್ಲಿನ ಒಂದು ಕಟ್ಟಡದ ಮೇಲ್ಮಹಡಿಯ ಹೊರಗೋಡೆ ಕೊಟ್ಟು, 'ಉಷ್ಣವಲಯದ ಅಮೆರಿಕ' ಅನ್ನುವ ಚಿತ್ರ ಬರೆಯಲು ಹೇಳಿದರು. ಗಿಳಿ, ಹಣ್ಣು, ನಗುವ ಜನ ಬರುತ್ತಾರೆ ಅಂತ ಕಾದರು. ಸಿಕೇರೋಸ್ ಬರೆದದ್ದು ಶಿಲುಬೆಗೆ ಕಟ್ಟಿದ ಒಬ್ಬ ಮೂಲನಿವಾಸಿಯನ್ನು. ಅವನ ತಲೆಯ ಮೇಲೆ ಅಮೆರಿಕ ದೇಶದ ಲಾಂಛನವಾದ ಹದ್ದು! ಬೀದಿಗೆ ಕಾಣುವ ಭಾಗಕ್ಕೆ ಬೇಗನೆ ಬಿಳಿ ಬಣ್ಣ ಬಳಿಸಿದರು. ಆಮೇಲೆ ಪೂರ್ತಿ ಗೋಡೆಗೇ ಬಳಿಸಿದರು. ಆದರೆ ದಶಕಗಳ ಬಿಸಿಲಿಗೆ ಆ ಬಿಳುಪು ತಾನೇ ಸವೆಯಿತು. ಒಳಗಿನ ಚಿತ್ರ ಮೆಲ್ಲಗೆ ಹೊರಬಂತು. ಗೆಟ್ಟಿ ಸಂರಕ್ಷಣಾ ಸಂಸ್ಥೆ ಮತ್ತು ನಗರಾಡಳಿತ ಸೇರಿ ಅದನ್ನು ಉಳಿಸಿ, 2012ರಲ್ಲಿ ಜನರಿಗೆ ತೆರೆದವು. ಹೊಸ ಬಣ್ಣ ತುಂಬಲಿಲ್ಲ. ಮಾಸಿದ್ದು ಮಾಸಿದ ಹಾಗೇ ಇದೆ. ಅದರ ಮುಂದೆ ನಿಂತಾಗ ನನಗೆ ಮಾತೇ ಹೊರಡಲಿಲ್ಲ. ಬೀದಿಯಲ್ಲಿ ನಿಂತು ಹುಡುಕಬೇಡಿ. ಅದೇ ಬೀದಿಯ ಸೆಪುಲ್ವೆಡಾ ಮನೆಯೊಳಗೆ ಹೋಗಿ ಕೇಳಿ, ದಾರಿ ತೋರಿಸುತ್ತಾರೆ. ದುಡ್ಡು ಕೊಡಬೇಕಿಲ್ಲ.

ಸಮಯ ಮುಗಿಯುತ್ತಾ ಬಂತು. ಆವಿಲಾ ಮನೆಯನ್ನು ಬಿಡಬೇಡಿ. 1818ರ ಹಸಿ ಇಟ್ಟಿಗೆಯ ಮನೆ, ಊರಲ್ಲಿ ಉಳಿದಿರುವ ಮನೆಗಳಲ್ಲೇ ಹಳೆಯದು. ಅದನ್ನು ಕೆಡವಲು ಹೊರಟಾಗ ಕ್ರಿಸ್ಟೀನ್ ಸ್ಟರ್ಲಿಂಗ್ ಎಂಬ ಮಹಿಳೆ ಅಡ್ಡ ನಿಂತರು. ಅವರ ಓಡಾಟದಿಂದಲೇ 1930ರಲ್ಲಿ ಈ ಸಂತೆ ಶುರುವಾಯಿತು.

ಇಷ್ಟಾದ ಮೇಲೆ ಎರಡನೇ ಸುತ್ತು. ಈಗ ಚೀಲ ಕೊಳ್ಳಿ, ಮೊಮ್ಮಕ್ಕಳಿಗೆ ಗೊಂಬೆ ಕೊಡಿಸಿ, ಚುರ್ರೋ ಅನ್ನುವ ಬಿಸಿಬಿಸಿ ಕರಿದ ಸಿಹಿತಿಂಡಿ ತಿನ್ನಿ. ನಮಸ್ಕಾರ.